ಏಕಾಕಿ ತಂತ್ರಾಂಶಕಾರನೂ ಆವೃತ್ತಿರಕ್ಷಣೆಯೂ

ಓಲೆಗರಿಯ ಕಾಲದಲ್ಲಿ ಗ್ರಂಥವೊಂದು ಉಳಿದುಬರುವುದಕ್ಕೆ ಎರಡು ಸಂಗತಿಗಳು ಕಾರಣವಾಗುತ್ತಿದ್ದುವು. ಪ್ರತಿಕಾರನು ಕಂಡುದನ್ನು ಕಂಡಂತೆಯೇ ಬರೆಯುವುದು ಒಂದು. ಬರೆದ ಪ್ರತಿಯು ಒಂದೇ ಮನೆಯಲ್ಲಿ ಉಳಿಯದೆ ನಾಲ್ಕು ಕಡೆ ಹರಡಿರುವುದು ಮತ್ತೊಂದು. ಒಂದೆಡೆ ಗೆದ್ದಲು ತಿಂದ ಭಾಗವನ್ನು ಇನ್ನೊಂದೆಡೆಯ ಪ್ರತಿಯಿಂದ ತುಂಬಿಕೊಳ್ಳಬಹುದಾಗಿತ್ತು. ಗ್ರಂಥಸಂಪಾದನೆಯ ಪಾಠ ಹೇಳುವಾಗ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಇದೇ ನ್ಯಾಯವು ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರಿಗೂ ಅನ್ವಯಿಸುತ್ತದೆಂಬುದು ನನಗೆ ತಿಳಿದುದು ಈಚೆಗೆ, ಹಳೆಯ ವಿದ್ಯಾರ್ಥಿಯೊಬ್ಬನಿಂದ. ನಮ್ಮ ಮಕ್ಕಳಲ್ಲಿ ಅನೇಕರು ಆ ವೃತ್ತಿಗೇ ಹೋಗುವವರಾದುದರಿಂದ ಅವರ ಉಪಯೋಗಕ್ಕಾಗಿ ಇಲ್ಲಿ ವಿವರಿಸುತ್ತೇನೆ.

ತಂತ್ರಾಂಶಕಾರನು ತನ್ನ ಬರಹವನ್ನು ದಿನದಿನವೂ ತಿದ್ದುತ್ತಾನೆ. ನಿನ್ನೆ ಸರಿಯಾಗಿ ನಡೆಯುತ್ತಿದ್ದುದು ಇಂದಿನ ತಿದ್ದುಪಡಿಯಿಂದ ಕೆಟ್ಟರೆ ನಿನ್ನೆಯ ಪಾಠಕ್ಕೆ ಮರಳಬೇಕಾಗುತ್ತದೆ. ಇದಕ್ಕಾಗಿ ಹೊಸಬರು ಒಂದೇ ಕಡತವನ್ನು ಹತ್ತಾರು ಸಲ ನಕಲು ಮಾಡಿ, ಒಂದಕ್ಕೆ ‘ಕೊನೆಯದು’ ಎಂದೂ ಮತ್ತೊಂದಕ್ಕೆ ‘ನಿಜವಾಗಿ ಕೊನೆಯದು’ ಎಂದೂ ಹೆಸರಿಡುವುದುಂಟು. ನನ್ನ ಶಬ್ದಸಂಗ್ರಹದ ಕಡತಗಳಿಗೆ ನಾನೂ ಹೀಗೆಯೇ ಹೆಸರಿಟ್ಟಿದ್ದವನಾದುದರಿಂದ ನಗುವ ಅಧಿಕಾರ ನನಗಿಲ್ಲ. ಪ್ರತಿಯೊಂದು ತಿದ್ದುಪಡಿಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂಬ ಟಿಪ್ಪಣಿಯೊಡನೆ ಕ್ರಮವಾಗಿ ದಾಖಲಿಸಿ, ಬೇಕೆಂದಾಗ ಹಿಂದಿನ ಪಾಠವನ್ನು ತೆಗೆದುಕೊಡುವ ಸಾಧನಕ್ಕೆ ಆವೃತ್ತಿ ನಿಯಂತ್ರಣ, ಅಂದರೆ ವೃತ್ತಿಯವರ ಮಾತಿನಲ್ಲಿ ವರ್ಷನ್ ಕಂಟ್ರೋಲ್, ಎಂದು ಹೆಸರು.

ಇಂತಹ ಸಾಧನಗಳಲ್ಲಿ ಮೊದಲನೆಯದೆಂದು ಹೇಳಬಹುದಾದುದನ್ನು 1972ರಲ್ಲಿ ಅಮೆರಿಕೆಯ ಬೆಲ್ ಲ್ಯಾಬ್ಸಿನಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು ರಚಿಸಿದರು. 1982ರ ವೇಳೆಗೆ ವಾಲ್ಟರ್ ಟಿಶಿ ಎಂಬವರು ಆರ್‌ಸಿಎಸ್ ಎಂಬುದನ್ನು ತಂದರು. ಅದರಲ್ಲಿ ಇತ್ತೀಚಿನ ಪಾಠವು ಇಡಿಯಾಗಿಯೂ ಹಿಂದಿನವು ಕೇವಲ ವ್ಯತ್ಯಾಸಗಳ ರೂಪದಲ್ಲಿಯೂ ಇರುತ್ತವೆ. ಸಂಪಾದಕನು ಸ್ವೀಕೃತ ಪಾಠವನ್ನು ಮೇಲೆ ಅಚ್ಚುಮಾಡಿಸಿ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವಂತೆಯೇ ಸರಿ. ತರುವಾಯ ಬಂದ ಸಿವಿಎಸ್, ಸಬ್‌ವರ್ಶನ್ ಮೊದಲಾದವುಗಳಲ್ಲಿ ಸಮಗ್ರ ಇತಿಹಾಸವು ನಡುವಿನ ಒಂದು ಸರ್ವರಿನಲ್ಲಿ ಮಾತ್ರ ಇರುತ್ತಿತ್ತು. ಕೆಲಸಗಾರನ ಬಳಿ ಇದ್ದುದು ಅಂದಿನ ಪಾಠವಷ್ಟೆ.

ಈ ಸ್ಥಿತಿಯನ್ನು ಬದಲಿಸಿದುದು 2005ರ ಏಪ್ರಿಲ್ ತಿಂಗಳು. ಲಿನಕ್ಸ್ ಬರೆಯುವವರು ಅದುವರೆಗೆ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಬಳಸುತ್ತಿದ್ದರು. ಅದರ ಒಡೆಯರು ಉಚಿತ ಬಳಕೆಯನ್ನು ನಿಲ್ಲಿಸಿದಾಗ ಲೀನಸ್ ಟೋರ್ವಾಲ್ಡ್ಸ್ ತಾವೇ ಗಿಟ್ ಎಂಬುದನ್ನು ಬರೆದರು. ಅದೇ ತಿಂಗಳಲ್ಲಿ ಮರ್ಕ್ಯುರಿಯಲ್ ಎಂಬ ಮತ್ತೊಂದು ಸಾಧನವೂ ಹುಟ್ಟಿತು. ಗಿಟ್‌ನಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ನಕಲಿನೊಳಗೂ ಮೊದಲ ದಿನದಿಂದ ಆದ ಸಮಸ್ತ ಇತಿಹಾಸವು ಅಡಕವಾಗಿರುತ್ತದೆ. ಒಂದೊಂದು ದಾಖಲೆಗೂ ಅದರ ಒಳಗಿನ ಬರಹದಿಂದಲೇ ಲೆಕ್ಕಹಾಕಿದ 40 ಅಕ್ಷರಗಳ ಗುರುತು ಇದ್ದು, ಒಂದಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಪ್ರತಿಕಾರನ ಕೈತಪ್ಪು ಇಲ್ಲಿ ಅಡಗಿರಲಾರದು. ನಮ್ಮ ಲಿಪಿಕಾರರಿಗೆ ಇಂತಹದೊಂದು ಇದ್ದಿದ್ದರೆ ಸಂಪಾದಕರ ಅರ್ಧ ಜೀವಮಾನ ಉಳಿಯುತ್ತಿತ್ತು.

ವಿದ್ಯಾರ್ಥಿಗಳು ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಗಿಟ್ ಎಂಬುದು ಸಾಧನ. ಗಿಟ್‌ಹಬ್, ಗಿಟ್‌ಲ್ಯಾಬ್, ಬಿಟ್‌ಬಕೆಟ್ ಮುಂತಾದವು ಆ ಸಾಧನದ ಕಡತಗಳನ್ನು ಇರಿಸಿಕೊಳ್ಳುವ ಪರರ ಮನೆಗಳು. ಹೆಸರಿನ ಸಾಮ್ಯದಿಂದ ಎರಡನ್ನೂ ಒಂದೇ ಎಂದು ಬಗೆಯುವವರು ಬಹಳ. ಸಾಧನ ನಮ್ಮದು, ಮನೆ ಬಾಡಿಗೆಯದು. ಬಾಡಿಗೆಮನೆ ಯಾವ ದಿನವೂ ಮುಚ್ಚಬಹುದು. ಕೋಡ್ ಸ್ಪೇಸಸ್ ಎಂಬ ಸಂಸ್ಥೆಗೆ 2014ರ ಜೂನಿನಲ್ಲಿ ಹೊಕ್ಕ ದುಷ್ಕರ್ಮಿಗಳು ಗ್ರಾಹಕರ ಕಡತಗಳನ್ನೂ ಅವುಗಳ ಮರುಪ್ರತಿಗಳನ್ನೂ ಬಹುಮಟ್ಟಿಗೆ ಅಳಿಸಿಹಾಕಿದರು. ಮರುಪ್ರತಿಗಳೂ ಅದೇ ಬೀಗದ ಕೈಗೆ ಸಿಕ್ಕುವಂತಿದ್ದುವು. ಸಂಸ್ಥೆ ಮುಚ್ಚಿಹೋಯಿತು. ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್‌ನ ಆಶ್ರಯವನ್ನೇ ತೆಗೆದುಹಾಕಿತು.

ಅದಂತಿರಲಿ, ನನ್ನ ವಿದ್ಯಾರ್ಥಿಗೆ ಆದುದನ್ನು ಹೇಳುತ್ತೇನೆ. ಆತನು ಯಾವ ಕಂಪನಿಯನ್ನೂ ಸೇರದೆ ಊರಿನಲ್ಲಿಯೇ ಕುಳಿತು ಅಕ್ಕಿಗಿರಣಿಗಳ ಲೆಕ್ಕಪತ್ರದ ತಂತ್ರಾಂಶ ಬರೆದು ಸಂಸಾರ ಸಾಗಿಸುವವನು. ಕಡತಗಳನ್ನು ಇಂತಹ ಒಂದು ಮನೆಯಲ್ಲಿರಿಸಿದ್ದನು, ಹೆಸರು ಬೇಡ. ಕೈಫೋನು ಕಳೆದುಹೋಯಿತು. ಖಾತೆಯನ್ನು ತೆರೆಯುವ ಎರಡನೆಯ ಸಂಕೇತ ಅದರಲ್ಲಿದ್ದಿತು. ತುರ್ತಿಗೆಂದು ಕೊಟ್ಟಿದ್ದ ಸಂಕೇತಗಳನ್ನು ಬರೆದಿಟ್ಟುಕೊಂಡಿರಲಿಲ್ಲ. ಬಾಗಿಲು ತೆರೆಯಲೇ ಇಲ್ಲ. “ಬರಹವೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಪೂರ್ತಿಯಾಗಿ ಇದೆ, ಗುರುಗಳೇ. ಹೋದುದು ಬೇರೆ” ಎಂದನು. ಮೂರು ವರ್ಷಗಳಿಂದ ಗಿರಣಿಯವರು ತಿಳಿಸುತ್ತ ಬಂದ ದೋಷಗಳ ಪಟ್ಟಿ, ಯಾರಿಗೆ ಏನು ಮಾಡಿಕೊಡುವೆನೆಂದು ಒಪ್ಪಿದ್ದನೆಂಬ ವಿವರ, ಎಲ್ಲವೂ ಆ ಮನೆಯ ಸ್ವಂತ ಪುಟಗಳಲ್ಲಿದ್ದುವೇ ಹೊರತು ಗಿಟ್‌ನೊಳಗೆ ಇರಲಿಲ್ಲ. ಕೊಟ್ಟ ಮಾತು ಮರೆತನೆಂದು ಗಿರಣಿಯೊಂದು ಆತನನ್ನು ಬಿಟ್ಟಿತು. ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ನಡೆದ ಅವಘಡದಲ್ಲಿಯೂ ಇದೇ ಕಂಡುಬಂದಿತು: ಸುಮಾರು 6 ಗಂಟೆಗಳ ಅವಧಿಯ ದೂರು, ಚರ್ಚೆಗಳ ದಾಖಲೆ ನಷ್ಟವಾಯಿತು, ಗಿಟ್ ಭಂಡಾರಗಳಿಗೆ ಧಕ್ಕೆ ತಟ್ಟಲಿಲ್ಲ.

ಆದುದರಿಂದ ಒಬ್ಬನೇ ದುಡಿಯುವವನು ಮನೆಯನ್ನು ಆರಿಸುವಾಗ ಅಲ್ಲಿ ಎಷ್ಟು ಸೌಕರ್ಯವಿದೆ ಎಂಬುದಕ್ಕಿಂತ ಮೊದಲು, ನಾಳೆ ಬಿಟ್ಟುಹೊರಟರೆ ನನ್ನೊಡನೆ ಏನು ಬರುತ್ತದೆ ಎಂದು ಕೇಳಿಕೊಳ್ಳತಕ್ಕದ್ದು. ಬೆಲೆಯ ಪ್ರಶ್ನೆ ಈಗ ದೊಡ್ಡದಲ್ಲ. 2019ರಿಂದ ಗಿಟ್‌ಹಬ್‌ನಲ್ಲಿ ಖಾಸಗಿ ಭಂಡಾರಗಳೂ ಉಚಿತ. ಬರ್ಲಿನ್ನಿನ ಕೋಡ್‌ಬರ್ಗ್ ಎಂಬುದು ಲಾಭರಹಿತ ಸಂಘವೊಂದು ನಡೆಸುವ ಮನೆಯಾಗಿದ್ದು ಮುಖ್ಯವಾಗಿ ಮುಕ್ತ ತಂತ್ರಾಂಶಗಳಿಗೆ ಮೀಸಲು. ಸ್ವಂತ ಸರ್ವರಿನಲ್ಲಿ ಗಿಟೀ, ಫೋರ್ಜೆಜೋ ಮೊದಲಾದವುಗಳನ್ನು ನಡೆಸಬಹುದಾದರೂ ಅದರ ರಕ್ಷಣೆ, ನವೀಕರಣಗಳೇ ಇನ್ನೊಂದು ಉದ್ಯೋಗವಾದಾವು. ಹೊಟ್ಟೆಪಾಡಿನ ಕೆಲಸವಿರುವವನಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ಇನ್ನೊಂದು ಯಂತ್ರದಲ್ಲಿಯೋ ಹೊರಗಿನ ಡಿಸ್ಕಿನಲ್ಲಿಯೋ ‘ಬೇರ್’ ಎನ್ನುವ ಬರಿಯ ಭಂಡಾರವೊಂದನ್ನು ನಿರ್ಮಿಸಿ, ದಿನದ ಕೆಲಸವನ್ನು ಬಾಡಿಗೆಮನೆಗೂ ಅಲ್ಲಿಗೂ ಕಳುಹಿಸಿದರೆ ಸಾಕು. ಇದಕ್ಕೆ ಗಿಟ್ ಹೊರತು ಬೇರಾವುದೂ ಬೇಕಿಲ್ಲ. ಎಸ್‌ಕ್ಯುಲೈಟ್‌ನ ಕರ್ತೃ ರಿಚರ್ಡ್ ಹಿಪ್ ರಚಿಸಿದ ಫಾಸಿಲ್ ಎಂಬ ಸಾಧನದಲ್ಲಿ ದೋಷಪಟ್ಟಿಯೂ ಟಿಪ್ಪಣಿಗಳೂ ಬರಹದೊಡನೆ ಒಂದೇ ಕಡತದಲ್ಲಿರುತ್ತವೆ. ಏಕಾಕಿಗೆ ಗುಣದಿಂದ ಅದೇ ಮೇಲು. ಆದರೆ ನಾಳೆ ಇತರರೊಡನೆ ಕೂಡಿ ದುಡಿಯಬೇಕಾಗಿ ಬಂದರೆ ಅವರಲ್ಲಿ ಬಹುಮಂದಿ ಬಲ್ಲುದು ಗಿಟ್ಟನ್ನೇ.

ಗುಪ್ತಪದಗಳನ್ನು ಮಾತ್ರ ಭಂಡಾರಕ್ಕೆ ಸೇರಿಸಕೂಡದು. ಸೇರಿದುದನ್ನು ಮರುದಿನ ಅಳಿಸಿದರೂ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ, ಗುಪ್ತಪದವನ್ನೇ ಬದಲಿಸಬೇಕು.

ನನ್ನ ವಿದ್ಯಾರ್ಥಿಯು ಒಂದು ಸಂಜೆಯಲ್ಲಿ ಹೊಸ ಮನೆಗೆ ಹೋದನು; ಹೊಸ ವಿಳಾಸ ಕೊಟ್ಟು ಕಳುಹಿಸಿದುದಷ್ಟೆ ಕೆಲಸ. ಗಿರಣಿಯವರ ದೂರುಗಳನ್ನೀಗ ಕಡತಗಳ ಪಕ್ಕದಲ್ಲಿಯೇ ಸಾದಾ ಪಠ್ಯವಾಗಿ ಬರೆದಿಡುತ್ತಾನೆ. ನನ್ನ ಶಬ್ದಸಂಗ್ರಹವನ್ನೂ ಗಿಟ್‌ಗೆ ಸೇರಿಸಿಕೊಟ್ಟನು. ತಿಂಗಳ ತರುವಾಯ ಬಂದು ನೋಡಿದಾಗ ನಾನು ಪ್ರತಿಯೊಂದು ದಾಖಲೆಗೂ ‘ತಿದ್ದಲಾಗಿದೆ’ ಎಂದಷ್ಟೇ ಟಿಪ್ಪಣಿ ಬರೆದಿದ್ದೆನು. “ಗುರುಗಳೇ, ಪಾಠಾಂತರಕ್ಕೆ ಕಾರಣ ಬರೆಯದ ಸಂಪಾದಕರನ್ನು ನೀವು ತರಗತಿಯಲ್ಲಿ ಬಯ್ಯುತ್ತಿದ್ದಿರಿ” ಎಂದನು. ಅಂದಿನಿಂದ ಕಾರಣ ಬರೆಯುತ್ತಿದ್ದೇನೆ.