ಎರಡನೇ ಭಾಗ ಅಚ್ಚಿಗೆ ಕೊಡುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಧಾರವಾಡ ಜಿಲ್ಲೆಯ ತಾಲೂಕುಗಳಿಂದ ಬಂದಿವೆ. ಎಲ್ಲವೂ ಸರಣಿ ಕಾದಂಬರಿ ಬರೆಯುತ್ತಿರುವವರದು, ಇಲ್ಲವೇ ಅವರ ಮನೆಯವರದು. ಕೇಳಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ. 1980ರ ರೈತ ಬಂಡಾಯದ ಹಿನ್ನೆಲೆಯಲ್ಲಿ ಒಂದು ಮನೆತನದ ಕಥೆಯನ್ನು ಮೂರು ಭಾಗಗಳಲ್ಲಿ ಬರೆದಿದ್ದೇನೆ. ಮೂರನ್ನೂ ಒಮ್ಮೆಲೇ ಐದೈದು ನೂರು ಪ್ರತಿ ಹಾಕಿಸಿದರೆ ದರ ಇಳಿಯುತ್ತದೆ ಎಂದು ಮುದ್ರಕರು ಹೇಳುತ್ತಾರೆ. ಹಾಕಿಸಲೇ?
— ಶಿಕ್ಷಕರು, ನವಲಗುಂದ

ಉತ್ತರ: ಬೇಡ ಸರ್. ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಮುದ್ರಕರ ದರ ಹಾಕಿಕೊಂಡು ಮತ್ತೊಮ್ಮೆ ಮಾಡಿ.

ಒಂದು ಪ್ರತಿಗೆ 80 ರೂಪಾಯಿ ಬೀಳುತ್ತದೆ, ಬೆಲೆ 200 ಇಡುತ್ತೀರಿ ಎಂದುಕೊಳ್ಳಿ. ಮೂರು ಭಾಗ, ಐದೈದು ನೂರರಂತೆ 1,500 ಪ್ರತಿ, ಲಾಗೋಡು 1,20,000. ಮೊದಲ ಭಾಗವನ್ನು 300 ಜನ ಕೊಂಡರು ಎನ್ನಿ. ಕೊಂಡವರೆಲ್ಲ ಓದುವುದಿಲ್ಲ, ಓದಿದವರೆಲ್ಲ ಮರಳಿ ಬರುವುದಿಲ್ಲ. ಅರ್ಧ ಮಂದಿ, ಅಂದರೆ 150 ಜನ ಎರಡನೆಯದನ್ನೂ, 100 ಜನ ಮೂರನೆಯದನ್ನೂ ಕೊಂಡರೆ ಒಟ್ಟು ಮಾರಿದ್ದು 550. ಅಷ್ಟನ್ನೂ ನೀವೇ ಕೈಯಿಂದ ಪೂರ್ಣ ಬೆಲೆಗೆ ಮಾರಿದರೂ ಬರುವುದು 1,10,000. ಹತ್ತು ಸಾವಿರ ಕೈ ಬಿಟ್ಟಿತು, 950 ಪ್ರತಿ ಮನೆಯಲ್ಲಿ ಉಳಿದವು. ಅಂಗಡಿಗೆ ಶೇಕಡ 40 ಕಮಿಷನ್ ಕೊಟ್ಟಿರಾದರೆ ಬರುವುದು 66,000 ಮಾತ್ರ. ಡಿಟಿಪಿ, ಕರಡು ತಿದ್ದುವವರ ಕೂಲಿ, ಮುಖಪುಟದ ಕಲಾವಿದರ ಸಂಭಾವನೆಯನ್ನು ನಾನಿನ್ನೂ ಸೇರಿಸಿಯೇ ಇಲ್ಲ.

ಈಗ ಮೊದಲ ಭಾಗವನ್ನಷ್ಟೇ 500 ಹಾಕಿಸಿ. ಆರು ತಿಂಗಳು ಮಾರಿ, ಕೊಂಡವರ ಹೆಸರು ಮತ್ತು ಮೊಬೈಲ್ ನಂಬರನ್ನು ಒಂದು ವಹಿಯಲ್ಲಿ ಬರೆದಿಡಿ. ಎಷ್ಟು ಜನ ಮುಂದಿನದನ್ನು ಕೇಳುತ್ತಾರೋ ನೋಡಿಕೊಂಡು ಎರಡನೆಯದನ್ನು ಡಿಜಿಟಲ್ ಮುದ್ರಣದಲ್ಲಿ 200 ಹಾಕಿಸಿ. ಪ್ರತಿಗೆ 120 ಬಿದ್ದರೂ ಚಿಂತೆಯಿಲ್ಲ. ಮೂರನೆಯದನ್ನು 125ರ ದರದಲ್ಲಿ 150 ಹಾಕಿಸಿ. ಒಟ್ಟು ಲಾಗೋಡು 82,750. ಅದೇ 550 ಪ್ರತಿ ಕೈಯಿಂದ ಮಾರಿದರೆ 27,250 ಉಳಿಯುತ್ತದೆ. ಒಂದು ಪ್ರತಿಯ ದರ ಏರಿತು, ಒಟ್ಟು ಖರ್ಚು ಇಳಿಯಿತು. ಮುದ್ರಕರು ಹೇಳುವ ಅಗ್ಗದ ದರ ಅವರ ಯಂತ್ರದ ಲೆಕ್ಕ. ನಿಮ್ಮ ಲೆಕ್ಕ ಮಾರಾಟವಾದ ಪ್ರತಿಯಿಂದ ಶುರುವಾಗಬೇಕು. ಅಂಗಡಿಗಳನ್ನೇ ನಂಬಿ ಕೂತರೆ ಈ ಎರಡನೇ ದಾರಿಯಲ್ಲೂ ನಷ್ಟವೇ ಎಂಬುದನ್ನು ಗಮನಿಸಿ.

ಇನ್ನೊಂದು ಮಾತು. ಮೂರೂ ಸೇರಿ 400 ಪುಟದೊಳಗೆ ಮುಗಿಯುವುದಾದರೆ ಒಂದೇ ಸಂಪುಟ ಮಾಡಿ. ಎಲ್ಲ ದೊಡ್ಡ ಕಥೆಯೂ ಸರಣಿಯಾಗಬೇಕಿಲ್ಲ. ಭಾಗ ಮಾಡಲೇಬೇಕೆಂದರೆ ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಮತ್ತೆ ತಿರುವಿ ಹಾಕಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದಕ್ಕೊಂದು ಕೂಡಿಕೊಂಡಿದ್ದರೂ ಒಂದನ್ನಷ್ಟೇ ಓದಿದವನಿಗೂ ಕೈಗೆ ಒಂದು ಕಥೆ ಸಿಗುತ್ತದೆ. ಮೊದಲ ಭಾಗ ತನ್ನಷ್ಟಕ್ಕೆ ಮುಗಿಯದಿದ್ದರೆ ಓದುಗ ಎರಡನೆಯದಕ್ಕೆ ಕಾಯುವುದಿಲ್ಲ, ಸಿಟ್ಟಾಗುತ್ತಾನೆ.

ಪ್ರಶ್ನೆ: ಎರಡು ವರ್ಷದಿಂದ ಮೊಬೈಲ್ ಆ್ಯಪ್‌ನಲ್ಲಿ ಧಾರಾವಾಹಿ ಬರೀತೀನ್ರಿ. ಓದೋರು ಸಾವಿರಾರು ಮಂದಿ ಅದಾರ, ರೊಕ್ಕ ಮಾತ್ರ ಕೈಖರ್ಚಿಗೂ ಸಾಲಂಗಿಲ್ಲ. ಈಗ ಒಬ್ಬ ಪ್ರಕಾಶಕರು ಪುಸ್ತಕ ಮಾಡ್ತೀವಿ ಅಂತ ಒಂದು ಪುಟದ ಕರಾರುಪತ್ರ ಕಳಿಸ್ಯಾರ. ‘ಎಲ್ಲ ಹಕ್ಕುಗಳು, ಮುಂದಿನ ಭಾಗಗಳೂ ಸೇರಿ’ ಅಂತೈತಿ. ಸಹಿ ಮಾಡ್ಲೇನ್ರಿ?
— ಓದುಗಿ, ಕುಂದಗೋಳ

ಉತ್ತರ: ಆ ಎರಡು ಪದಗುಚ್ಛ ಹೊಡೆದು ಹಾಕುವವರೆಗೆ ಸಹಿ ಮಾಡಬೇಡಿ, ತಂಗಿ. ಸರಣಿ ಬರೆಯುವವರ ಆಸ್ತಿ ಎಂದರೆ ನಿಮ್ಮ ಪಾತ್ರಗಳು, ಅವುಗಳ ಊರು, ಮುಂದೆ ಬರಲಿರುವ ಭಾಗಗಳು. ಮೊದಲ ಪುಸ್ತಕದ ಹುರುಪಿನಲ್ಲಿ ಅಷ್ಟನ್ನೂ ಬರೆದುಕೊಟ್ಟರೆ ಐದನೇ ಭಾಗ ಜನಪ್ರಿಯವಾದಾಗ ನಿಮ್ಮ ನಾಯಕಿಯ ಮೇಲೆ ನಿಮಗೇ ಹಕ್ಕಿರುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ನಿಮ್ಮ ಪರವಾಗಿದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದು ಅದರಲ್ಲಿರಬೇಕು. ಅವಧಿ ಬರೆದಿಲ್ಲವೆಂದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ಬರೆದಿಲ್ಲವೆಂದರೆ ಭಾರತ ಮಾತ್ರ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ಬಿದ್ದುಹೋಗುತ್ತದೆ. ಲೇಖಕರ ಹಕ್ಕು ಅವರ ಜೀವಿತಾವಧಿ ಮುಗಿದ ಮೇಲೂ 60 ವರ್ಷ ಇರುತ್ತದೆ. ಅಷ್ಟು ದೀರ್ಘಕಾಲದ ಆಸ್ತಿಯನ್ನು ಒಂದು ಪುಟದಲ್ಲಿ ಮಾರಬಾರದು.

ಪ್ರಕಾಶಕರಿಗೆ ಹೀಗೆ ಬರೆಯಿರಿ: ಈ ಒಂದು ಭಾಗ, ಕನ್ನಡ ಮುದ್ರಿತ ಪುಸ್ತಕ, ಐದು ವರ್ಷ. ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ, ವೆಬ್ ಸರಣಿ ನನ್ನಲ್ಲೇ ಇರಲಿ. ಮುಂದಿನ ಭಾಗವನ್ನು ಮೊದಲು ನಿಮಗೇ ತೋರಿಸುತ್ತೇನೆ, ಆದರೆ ಕೊಡಲೇಬೇಕೆಂಬ ಕಟ್ಟು ಬೇಡ. ನಮ್ಮಲ್ಲಿ ಮುಖಬೆಲೆಯ ಶೇಕಡ 10 ಗೌರವಧನ ರೂಢಿ. 200 ರೂಪಾಯಿಯ ಪುಸ್ತಕ 500 ಪ್ರತಿ ಪೂರ್ತಿ ಮಾರಾಟವಾದರೆ ನಿಮಗೆ ಬರುವುದು 10,000. ಹಲವು ಕಡೆ ಅದರ ಬದಲು ಇಪ್ಪತ್ತೈದು ಗೌರವ ಪ್ರತಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಆ್ಯಪ್‌ನ ಷರತ್ತುಗಳನ್ನೂ ಓದಿ. ಕಂತು ಚಂದಾದಾರರಿಗೆ ಮಾತ್ರ ಮೀಸಲು ಎಂದು ಒಪ್ಪಿದ್ದರೆ ಅದೇ ಕಥೆಯನ್ನು ಪುಸ್ತಕ ಮಾಡುವ ಮೊದಲು ಅವರಿಗೂ ಬರೆದು ಕೇಳಬೇಕಾದೀತು. ಬೆಂಗಳೂರಿನಲ್ಲಿ 2014ರಲ್ಲಿ ಶುರುವಾದ ಪ್ರತಿಲಿಪಿಯಂಥ ವೇದಿಕೆಗಳಿಂದ ಹಳ್ಳಿಯ ಹೆಣ್ಣುಮಕ್ಕಳ ಧಾರಾವಾಹಿಗೆ ಓದುಗರು ಸಿಕ್ಕರು, ಅದು ಸಣ್ಣ ಮಾತಲ್ಲ. ಆದರೆ ಆ ಓದುಗರ ಪಟ್ಟಿ ಇರುವುದು ಕಂಪನಿಯ ಬಳಿ, ನಿಮ್ಮ ಬಳಿ ಅಲ್ಲ. ಪ್ರತಿ ಕಂತನ್ನೂ ನಿಮ್ಮ ಮೇಲ್‌ನಲ್ಲಿ ಉಳಿಸಿಡಿ. ಕಿಂಡಲ್ ಬಗ್ಗೆಯೂ ಒಂದು ಮಾತು. ಅಮೆಜಾನ್ 2016ರಲ್ಲಿ ಐದು ಭಾರತೀಯ ಭಾಷೆಗಳಿಗೆ ಕಿಂಡಲ್ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕ ಮತ್ತು ಆಡಿಯೋಗೆ ಮೈಲ್ಯಾಂಗ್‌ನಂಥ ನಮ್ಮವೇ ವೇದಿಕೆಗಳಿವೆ, ಅಲ್ಲಿ ವಿಚಾರಿಸಿ.

ಪ್ರಶ್ನೆ: ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಒಬ್ಬನೇ ಪತ್ತೇದಾರನ ಮೇಲೆ ನಾಲ್ಕು ಕಾದಂಬರಿ ಬರೆದಿದ್ದೇನೆ. ನಮ್ಮೂರಲ್ಲಿ ಪುಸ್ತಕದ ಅಂಗಡಿಯೇ ಇಲ್ಲ. ಯಾರಿಗೆ ಮಾರಲಿ?
— ವ್ಯಾಪಾರಿ, ಅಣ್ಣಿಗೇರಿ

ಉತ್ತರ: ನಿಮಗೆ ಎರಡು ಅನುಕೂಲವಿದೆ. ಮೊದಲನೆಯದು, ಪತ್ತೇದಾರಿ ಸರಣಿಯನ್ನು ಯಾವ ಪುಸ್ತಕದಿಂದಲಾದರೂ ಓದಲು ಶುರು ಮಾಡಬಹುದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಮ್ಮ ಹಿರಿಯರು ಓದಿದ್ದೇ ಹಾಗೆ, ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ. ಹಾಗಾಗಿ ಮುಖಪುಟದಲ್ಲಿ ಪತ್ತೇದಾರನ ಹೆಸರು ದೊಡ್ಡದಾಗಿರಲಿ, ‘ಭಾಗ 3’ ಎಂದು ಹಾಕಬೇಡಿ. ಮೂರನೆಯದನ್ನು ಕಂಡವನು ಮೊದಲನೆಯದು ಸಿಗದೆ ಅದನ್ನೂ ಬಿಟ್ಟು ಹೋಗುತ್ತಾನೆ. ಎರಡನೆಯ ಅನುಕೂಲ, ನಿಮಗೆ ಉದ್ರಿ ಕೊಡುವುದೂ ವಸೂಲಿ ಮಾಡುವುದೂ ಗೊತ್ತು. ಪುಸ್ತಕದಂಗಡಿಗೆ ಮಾಲು ಕೊಟ್ಟರೆ ಅದೂ ಉದ್ರಿಯೇ. ರಸೀದಿ ತೆಗೆದುಕೊಳ್ಳಿ, ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ.

ನಮ್ಮ ಭಾಗದಲ್ಲಿ ಪುಸ್ತಕ ಓದುಗನ ಮನೆಗೇ ಹೋಗಿ ಬೆಳೆದದ್ದು. ಗಳಗನಾಥರು ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಮೇಲೆ: ಓದುಗರು ಹಣ ಮೊದಲು ಕೊಟ್ಟರು, ಪುಸ್ತಕ ಆಮೇಲೆ ಬಂತು. ಸರಣಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇವತ್ತಿಗೂ ಇಲ್ಲ. ನಾಲ್ಕು ಪುಸ್ತಕಕ್ಕೆ ಒಂದೇ ಮುಂಗಡ ಬೆಲೆ ಇಡಿ, ವಾಟ್ಸ್‌ಆ್ಯಪ್‌ನಲ್ಲಿ ಯುಪಿಐ ಕ್ಯೂಆರ್ ಕಳಿಸಿ, ಎರಡು ತಿಂಗಳಿಗೊಂದರಂತೆ ಅಂಚೆಗೆ ಹಾಕಿ.

ಅಂಚೆ ಖರ್ಚು ಮೊದಲೇ ತಿಳಿದಿರಲಿ. ಅಗ್ಗದ ನೋಂದಾಯಿತ ಬುಕ್ ಪ್ಯಾಕೆಟ್ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಸಣ್ಣ ಪ್ರಕಾಶಕರಿಗೆ ದೊಡ್ಡ ಪೆಟ್ಟು ಬಿತ್ತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳಿಗೆಂದು ಮಾಡಿದ್ದು. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನಿಮ್ಮ ಕಾದಂಬರಿ ಆ ದರಕ್ಕೆ ಬರುತ್ತದೆಯೇ ಎಂದು ಒಂದು ಪ್ರತಿ ಹಿಡಿದುಕೊಂಡು ಹೋಗಿ ಪೋಸ್ಟ್ ಮಾಸ್ತರರನ್ನೇ ಕೇಳಿ. ಪುಸ್ತಕವನ್ನು 300 ಗ್ರಾಂ ಒಳಗೆ ಮುಗಿಸಲು ಕಾಗದ ಆರಿಸುವಾಗಲೇ ಮುದ್ರಕರಿಗೆ ಹೇಳಿ. ಸುತ್ತುವ ರಟ್ಟನ್ನೂ ತೂಕಕ್ಕೆ ಹಿಡಿಯಿರಿ.

ಇನ್ನು ಜನ ಸೇರುವ ಜಾಗ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹಳ್ಳಿಹಳ್ಳಿಯಿಂದ ಜನ ಬರುತ್ತಾರೆ. ನಾಲ್ಕೈದು ಲೇಖಕರು ಕೂಡಿ ಒಂದು ಮೇಜು ಹಿಡಿದರೆ ಬಾಡಿಗೆ ಹಂಚಿಹೋಗುತ್ತದೆ. ನಿಮ್ಮ ಅಂಗಡಿಯ ಗಲ್ಲಾದ ಪಕ್ಕ ಹತ್ತು ಪ್ರತಿ ಇಡಿ. ಯೂರಿಯಾ ಒಯ್ಯಲು ಬಂದವರು ಒಂದು ಪುಸ್ತಕ ಒಯ್ಯಬಾರದೆಂದೇನೂ ಇಲ್ಲ.

ಪ್ರಶ್ನೆ: ಗ್ರಂಥಾಲಯ ಇಲಾಖೆ 300 ಪ್ರತಿ ತೆಗೆದುಕೊಳ್ಳುತ್ತದೆ ಎಂದು ಕೇಳಿದ್ದೇನೆ. ಅದನ್ನೇ ನಂಬಿ ಐದು ಭಾಗದ ಸರಣಿ ಶುರು ಮಾಡಬಹುದೇ?
— ಓದುಗ, ಕಲಘಟಗಿ ತಾಲೂಕು

ಉತ್ತರ: ಅರ್ಜಿ ಹಾಕಿ, ನಂಬಿಕೊಂಡು ಕೂಡಬೇಡಿ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇಕಡ 6 ಗ್ರಂಥಾಲಯ ಕರ ಇದೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಕರ ಇಲಾಖೆಗೆ ಪೂರ್ತಿ ತಲುಪದಿದ್ದಾಗ ಖರೀದಿಯೂ ಪಾವತಿಯೂ ಹಿಂದೆ ಬೀಳುತ್ತವೆ. ಸರಣಿಯವರಿಗೆ ಇನ್ನೊಂದು ತೊಡಕು: ಆಯ್ಕೆ ಆಯಾ ವರ್ಷದ ಪುಸ್ತಕಗಳದ್ದು, ಪ್ರತಿ ಭಾಗವೂ ಪ್ರತ್ಯೇಕ ಪುಸ್ತಕ. ಎರಡನೆಯದು ಆಯ್ಕೆಯಾಗಿ ಒಂದನೆಯದೂ ಮೂರನೆಯದೂ ಬಿಟ್ಟುಹೋದರೆ ಗ್ರಂಥಾಲಯದ ಓದುಗನಿಗೆ ನಡುವಿನ ಕಥೆ ಮಾತ್ರ ಸಿಗುತ್ತದೆ. ಹಾಗಾಗಿ ಖರೀದಿಯಾದರೆ ಲಾಭ ಎನ್ನಿ, ಬಂಡವಾಳದ ಲೆಕ್ಕದಲ್ಲಿ ಸೇರಿಸಬೇಡಿ.

ಇದು ನಿಮ್ಮ ಚೊಚ್ಚಲ ಕೃತಿಯಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನಕ್ಕೆ ಮೊದಲು ಅರ್ಜಿ ಹಾಕಿ. ವಯಸ್ಸಿನ ಮಿತಿ ಮತ್ತು ಕೊನೆಯ ದಿನಾಂಕ ಆಯಾ ವರ್ಷದ ಪ್ರಕಟಣೆಯಲ್ಲಿರುತ್ತವೆ. ಮೊದಲ ಭಾಗ ಮುದ್ರಿಸಿದ ಮೇಲೆ ನೆನಪಾದರೆ ಅದು ಚೊಚ್ಚಲ ಹಸ್ತಪ್ರತಿ ಆಗಿ ಉಳಿಯುವುದಿಲ್ಲ.

ಚುಟುಕು ಉತ್ತರಗಳು

*ಐಎಸ್‌ಬಿಎನ್‌ಗೆ ಏಜೆಂಟರು ಮೂರು ಸಾವಿರ ಕೇಳುತ್ತಾರೆ.* ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಸರಣಿಯ ಪ್ರತಿ ಭಾಗಕ್ಕೂ ಬೇರೆ ಸಂಖ್ಯೆ ಬೇಕು.

*ಪುಸ್ತಕ ಮಾರಿದರೆ ಜಿಎಸ್‌ಟಿ ಇದೆಯೇ?* ಮುದ್ರಿತ ಪುಸ್ತಕಕ್ಕೆ ಇಲ್ಲ.

*ಕೃತಿಸ್ವಾಮ್ಯ ನೋಂದಣಿ ಕಡ್ಡಾಯವೇ?* ಅಲ್ಲ. ಬರೆದ ಕ್ಷಣದಿಂದ ಹಕ್ಕು ನಿಮ್ಮದೇ. ನಾಳೆ ತಕರಾರು ಬಂದರೆ ಪುರಾವೆ ಇರಲಿ ಎನ್ನುವವರು 500 ರೂಪಾಯಿ ಶುಲ್ಕ ತುಂಬಿ ನೋಂದಾಯಿಸಬಹುದು.

ಪ್ರಶ್ನೆ: ನಮ್ಮ ಮನೆಯವರು ಕಾದಂಬರಿಯ ಮೊದಲ ಭಾಗ ಸಾವಿರ ಪ್ರತಿ ಹಾಕಿಸ್ಯಾರ್ರಿ. ಏಳುನೂರು ಹಂಗ ಉಳದಾವ. ಕಡ್ಲಿ ಚೀಲದ ಬಾಜೂ ಹೊರಸಿನ ಕೆಳಗ ಒಟ್ಟೀವಿ, ಒಂದು ಕಟ್ಟು ಗೆದ್ದಲ ಹಿಡೀತು. ಈಗ ಎರಡನೇ ಭಾಗಕ್ಕ ನನ್ನ ಬೋರಮಾಳ ಅಡಾ ಇಡೂಣು ಅಂತಾರ. ಎರಡೂ ಭಾಗ ಕೂಡಿದರ ಮೊದಲಿನದೂ ಖರ್ಚಾಕ್ಕೈತಿ ಅನ್ನೂದು ಅವರ ಮಾತು. ಖರೇನ್ರಿ?
— ಗೃಹಿಣಿ, ಕುಂದಗೋಳ ತಾಲೂಕು

ಉತ್ತರ: ಅವರ ಮಾತಿನಲ್ಲಿ ಅರ್ಧ ಖರೆ ಐತಿ, ಅಕ್ಕಾ. ಎರಡನೇ ಭಾಗ ಬಂದಾಗ ಮೊದಲಿನದಕ್ಕೂ ಸ್ವಲ್ಪ ಬೇಡಿಕೆ ಬರುತ್ತದೆ. ಆದರೆ ಒಯ್ದ ಮುನ್ನೂರು ಜನಕ್ಕೆ ಮುಂದಿನದು ಬೇಕೆನಿಸಿದ್ದರೆ ಮಾತ್ರ. ಅದನ್ನು ತಿಳಿಯಲು ಬೋರಮಾಳ ಬೇಕಿಲ್ಲ, ಫೋನ್ ಸಾಕು.

ಇವತ್ತೇ ಪುಸ್ತಕಗಳನ್ನು ನೆಲದಿಂದ ಎತ್ತಿ ಹಲಗೆಯ ಮೇಲೆ ಇಡಿಸಿ, ಗೋಡೆಗೆ ಒಂದು ಗೇಣು ಅಂತರ ಬಿಡಿ, ಗೆದ್ದಲು ಹಿಡಿದ ಕಟ್ಟನ್ನು ಹೊರಗೆ ಹಾಕಿ. ಆಮೇಲೆ ನಿಮ್ಮವರು ಮೊದಲ ಭಾಗ ಕೊಂಡವರಿಗೆಲ್ಲ ಫೋನ್ ಹಚ್ಚಲಿ. ‘ಹೆಂಗೈತಿ’ ಎಂದು ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ‘ಚಲೋ ಐತಿ’ ಅಂತಾರೆ. ‘ಎರಡನೇ ಭಾಗಕ್ಕೆ ಮುಂಗಡ ಇನ್ನೂರು ಕಳಿಸ್ತೀರೇನು’ ಎಂದು ಕೇಳಬೇಕು. ನೂರು ಜನ ಕಳಿಸಿದರೆ ಅವರ ರೊಕ್ಕದಲ್ಲೇ ನೂರಿಪ್ಪತ್ತು ಪ್ರತಿ ಅಚ್ಚಾಗುತ್ತದೆ. ಇಪ್ಪತ್ತೇ ಜನ ಕಳಿಸಿದರೆ ಅವರ ದುಡ್ಡು ಮರಳಿಸಿ, ಕಥೆಯಲ್ಲಿ ಎಲ್ಲಿ ಬೇಸರವಾಯಿತು ಎಂದು ಕೇಳಿಕೊಂಡು ಕೂತು ತಿದ್ದಲಿ. ಮೊದಲ ಮಳೆಗೇ ಹಗೇವಿನ ಕಾಳನ್ನೆಲ್ಲ ಬಿತ್ತುವ ಒಕ್ಕಲಿಗ ನಮ್ಮ ಎರೆಭೂಮಿಯಲ್ಲಿ ಇಲ್ಲ. ಲೇಖಕನೂ ಹಾಗೆ ಮಾಡಬಾರದು.

ಉಳಿದ ಪ್ರತಿಗಳಲ್ಲಿ ಐವತ್ತನ್ನು ಸುತ್ತಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕೊಡಿ, ಒಳಗೆ ನಿಮ್ಮ ಫೋನ್ ನಂಬರ್ ಬರೆದು. ನಾಳಿನ ಓದುಗ ಅಲ್ಲಿಂದಲೇ ಬರುತ್ತಾನೆ. ಬೋರಮಾಳ ಮಾತ್ರ ಅಡವಿಗೆ ಹೋಗಬಾರದು. ಇದನ್ನು ಈ ಅಂಕಣ ಅಂದಿದೆ ಎಂದು ಅವರಿಗೆ ಓದಿ ಹೇಳಿ.

ಓದುಗರಲ್ಲೂ ಒಂದು ವಿನಂತಿ. ನಿಮ್ಮೂರಿನವರೊಬ್ಬರ ಮೊದಲ ಭಾಗ ಓದಿ ಮುಂದಿನದಕ್ಕೆ ಕಾಯುತ್ತಿದ್ದರೆ, ಸುಮ್ಮನೆ ಕಾಯಬೇಡಿ. ಇವತ್ತು ಸಂಜೆ ಅವರಿಗೊಂದು ಫೋನ್ ಮಾಡಿ, ಎರಡನೆಯದರ ಬೆಲೆಯನ್ನು ಮುಂಗಡವಾಗಿ ಕಳಿಸಿ.