ಹಾಸಿಗೆ ಎಷ್ಟು ಕೆ.ಜಿ.?

ಪುತ್ತೂರಿನ ಅಂಗಡಿಯಲ್ಲಿ ಆರು ಇಂಚಿನ ಲ್ಯಾಟೆಕ್ಸ್ ಹಾಸಿಗೆಗೆ ಹೇಳಿದ ದರ 36,000 ರೂಪಾಯಿ. ಅದೇ ಅಳತೆಯದು ಮೊಬೈಲಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆಗೆ ಕಾಣಿಸಿತು. ಎರಡಕ್ಕೂ ‘ನೂರಕ್ಕೆ ನೂರು ನ್ಯಾಚುರಲ್’ ಎಂಬ ಒಂದೇ ವಿಶೇಷಣ. ರಬ್ಬರ್ ತೋಟಗಳ ನಡುವೆ ಬೆಳೆದವರಿಗೆ ಇಂಥ ಕಡೆ ಅನುಮಾನ ಬರದಿದ್ದರೆ ಹೇಗೆ?

ಮರದಿಂದ ಇಳಿಯುವ ರಬ್ಬರ್ ಹಾಲಿನಲ್ಲಿ ಒಣ ರಬ್ಬರ್ ಇರುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ನಮ್ಮ ಕಡೆಯ ಸಣ್ಣ ಬೆಳೆಗಾರರು ಅದಕ್ಕೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟ್ ಮಾಡಿ, ಹೊಗೆ ಕೊಟ್ಟು ಒಣಗಿಸಿ ಮಾರುತ್ತಾರೆ. ಹಾಸಿಗೆಗೆ ಆ ಶೀಟ್ ಆಗುವುದಿಲ್ಲ. ಹಾಲು ಹೆಪ್ಪುಗಟ್ಟದಂತೆ ಅಮೋನಿಯಾ ಬೆರೆಸಿ, ಯಂತ್ರದಲ್ಲಿ ತಿರುಗಿಸಿ ನೀರು ಬೇರ್ಪಡಿಸಿ, ರಬ್ಬರಿನ ಅಂಶವನ್ನು ಶೇ 60ಕ್ಕೆ ಏರಿಸಬೇಕು. ಆಮೇಲೆ ನೊರೆ ಬರಿಸಿ, ಅಚ್ಚಿಗೆ ಹೊಯ್ದು, ಬೇಯಿಸಿ, ತೊಳೆದು ಒಣಗಿಸಬೇಕು. ಈ ಶೇ 60ರ ಲ್ಯಾಟೆಕ್ಸಿನ ದರವನ್ನು ಕೊಟ್ಟಾಯಂನ ರಬ್ಬರ್ ಮಂಡಳಿ ಪ್ರಕಟಿಸುತ್ತಲೇ ಇರುತ್ತದೆ. ಯಾರು ಬೇಕಾದರೂ ನೋಡಬಹುದು. ಅಂದರೆ ಹಾಸಿಗೆಯೊಳಗೆ ಎಷ್ಟು ಕೆ.ಜಿ. ರಬ್ಬರ್ ಇದೆ ಎಂದು ಗೊತ್ತಾದರೆ, ಎಲ್ಲಿಂದ ಕೆಳಗೆ ಬೆಲೆ ಇಳಿಯಲಾರದು ಎಂಬುದೂ ಗೊತ್ತಾಗುತ್ತದೆ.

ಅದಕ್ಕೇ ಅಂಗಡಿಯವರಲ್ಲಿ ಮೊದಲು ತೂಕ ಕೇಳಿದೆ.

“ಬೆಡ್ಡನ್ನು ಕೆ.ಜಿ. ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ ಮಾರಾಯ್ರೆ” ಎಂದರು. ಆದರೂ ಹುಡುಗನನ್ನು ಕರೆದು ತೂಗಿಸಿದರು. 34 ಕೆ.ಜಿ. ಚಿಲ್ಲರೆ.

ಲೆಕ್ಕ ಸರಿಯಿತ್ತು. ಒಳ್ಳೆಯ ನೈಸರ್ಗಿಕ ಲ್ಯಾಟೆಕ್ಸ್ ಒಂದು ಘನ ಮೀಟರಿಗೆ ಸುಮಾರು 75ರಿಂದ 90 ಕೆ.ಜಿ. ತೂಗುತ್ತದೆ. 72 × 60 ಇಂಚು ಅಳತೆಯ, ಆರು ಇಂಚು ದಪ್ಪದ ಹಾಸಿಗೆಗೆ ಇದು 32ರಿಂದ 38 ಕೆ.ಜಿ. ಆಗುತ್ತದೆ. ಮೊಬೈಲಿನ ಹಾಸಿಗೆಯ ವಿವರವನ್ನು ಕೊನೆಯವರೆಗೆ ಇಳಿಸಿಕೊಂಡು ಹೋದರೆ ತೂಕ 20 ಕೆ.ಜಿ. ಎಂದಿತ್ತು, ಇನ್ನೂ ಕೆಳಗೆ, ಮೇಲೆ ಒಂದು ಇಂಚು ಲ್ಯಾಟೆಕ್ಸ್, ಕೆಳಗೆ ಐದು ಇಂಚು ಎಚ್‌ಆರ್ ಫೋಮ್ ಎಂಬ ಒಪ್ಪಿಗೆಯೂ ಇತ್ತು. ‘ನೂರಕ್ಕೆ ನೂರು’ ಎಂದದ್ದು ಆ ಒಂದು ಇಂಚಿಗೆ! ಅಂಥ ಹಾಸಿಗೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅತಿಥಿ ಕೋಣೆಗೆ ಅದೇ ಸಾಕು. ಆದರೆ ಫೋಮಿಗೆ ಫೋಮಿನ ಬೆಲೆ ಕೊಡಬೇಕು.

ತೂಕವೂ ಮೋಸ ಮಾಡಬಹುದು. ಚೂರುಪಾರು ಫೋಮನ್ನು ಒತ್ತಿ ಅಂಟಿಸಿದ ರೀಬಾಂಡೆಡ್ ಹಾಸಿಗೆಯೂ ಲ್ಯಾಟೆಕ್ಸಿನಷ್ಟೇ ಭಾರ ಇರುತ್ತದೆ. ಹಾಗಾಗಿ ಜಿಪ್ ಇರುವ ಹಾಸಿಗೆಯನ್ನೇ ಕೊಳ್ಳಿ, ಬಿಚ್ಚಿ ಬದಿ ನೋಡಿ. ಮೇಲಿನಿಂದ ಕೆಳಗಿನವರೆಗೆ ಕೆನೆಬಣ್ಣದ ಒಂದೇ ವಸ್ತು, ಮೇಲ್ಮೈಯಲ್ಲಿ ಸಾಲುಸಾಲು ತೂತು ಕಾಣಬೇಕು. ಕೃತಕ ರಬ್ಬರ್ ಬೆರೆತಿದೆಯೇ ಎಂಬುದು ಮಾತ್ರ ಕಣ್ಣಿಗೆ ತಿಳಿಯದು. ಅಲ್ಲಿ ಸರ್ಟಿಫಿಕೇಟೇ ಗತಿ. ಓಕೋ-ಟೆಕ್ಸ್ ಗುರುತು ತೋರಿಸಿ ‘ನ್ಯಾಚುರಲ್’ ಎನ್ನುವವರಿದ್ದಾರೆ. ಅದು ಹಾನಿಕರ ರಾಸಾಯನಿಕಗಳ ಪರೀಕ್ಷೆ, ರಬ್ಬರ್ ಮರದ್ದೋ ಕಾರ್ಖಾನೆಯದ್ದೋ ಎಂದು ಹೇಳುವುದಿಲ್ಲ. ಸಾವಯವ ಲ್ಯಾಟೆಕ್ಸಿಗೆ ಇರುವುದು ಗೋಲ್ಸ್ ಪ್ರಮಾಣಪತ್ರ. ಅದರಲ್ಲಿ ತಯಾರಕರ ಹೆಸರಿದೆಯೇ, ಅವಧಿ ಮುಗಿದಿದೆಯೇ ನೋಡಿ.

ಆನ್‌ಲೈನ್‌ನವರ ದೊಡ್ಡ ಆಕರ್ಷಣೆ ನೂರು ರಾತ್ರಿಯ ಟ್ರಯಲ್. ಅಂಗಡಿಯಲ್ಲಿ ಚಪ್ಪಲಿ ಬಿಚ್ಚಿ ಹತ್ತು ನಿಮಿಷ ಮಲಗಿದರೆ ಬೆನ್ನಿನ ವಿಷಯ ತಿಳಿಯುವುದಿಲ್ಲ, ಆ ಮಟ್ಟಿಗೆ ಅವರ ಮಾತು ನ್ಯಾಯ. ಆದರೆ ವಾಪಸ್ ಒಯ್ಯುವ ಗಾಡಿ ನಿಮ್ಮ ಪಿನ್‌ಕೋಡಿಗೆ ಬರುತ್ತದೆಯೇ, ಸಾಗಣೆ ಖರ್ಚು ಯಾರದು ಎಂದು ಮೊದಲೇ ಕೇಳಬೇಕು. ಬೆಂಗಳೂರಿನಲ್ಲಿರುವ ತಂಗಿಗೆ ನಾನು ಆನ್‌ಲೈನನ್ನೇ ಹೇಳಿದೆ. ನಮಗೆ ಮಾತ್ರ ಅಂಗಡಿಯೇ ಸರಿಹೋಯಿತು, ಕಾರಣ ಮಂಚ. ಅಜ್ಜನ ಕಾಲದ ಹಲಸಿನ ಮಂಚ ಯಾವ ಕಂಪನಿಯ ಅಳತೆಗೂ ಹೊಂದುವುದಿಲ್ಲ, ಅಂಗಡಿಯವರು ಕೇರಳದ ಕಾರ್ಖಾನೆಯಿಂದ ಅದಕ್ಕೆ ತಕ್ಕಂತೆ ಮಾಡಿಸಿಕೊಟ್ಟರು.

“ಇಪ್ಪತ್ತು ವರ್ಷ ಬರ್ತದೆ, ದಿನಕ್ಕೆ ಐದೇ ರೂಪಾಯಿ ಬಿತ್ತು” ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ವಾರಂಟಿ ಹತ್ತು ವರ್ಷದ್ದು, ಹಾಗಾಗಿ ನನ್ನ ಲೆಕ್ಕದಲ್ಲಿ ಹತ್ತು ರೂಪಾಯಿ. ಬಡ್ಡಿಯಿಲ್ಲದ ಇಎಂಐ ಬೇಕೇ ಎಂದೂ ಕೇಳಿದರು. ನಗದಿಗೆ ಎಷ್ಟು ಬಿಡುತ್ತೀರಿ ಎಂದು ಕೇಳಿದಾಗ ದರ 33,000ಕ್ಕೆ ಇಳಿಯಿತು. ಬಡ್ಡಿ ಅಡಗಿದ್ದ ಜಾಗ ಅದೇ. ಕ್ರೆಡಿಟ್ ಕಾರ್ಡಿನಲ್ಲಾದರೆ ಸಾಮಾನ್ಯವಾಗಿ ಪ್ರೊಸೆಸಿಂಗ್ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ ಬೀಳುತ್ತವೆ.

ವಾರಂಟಿ ಕಾರ್ಡಿನಲ್ಲಿ ಎಷ್ಟು ಕುಸಿದರೆ ದೋಷ, ಕಲೆಯಾದರೆ ಏನು ಎಂಬ ಎರಡು ಸಾಲು ಸಾಕು, ಉಳಿದದ್ದು ಅಲಂಕಾರ. ಹತ್ತಿ ಹಾಸಿಗೆಯ ಅಭ್ಯಾಸ ಇರುವ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಇದನ್ನು ಬಿಸಿಲಿಗೆ ಹಾಕಬಾರದು. ಬಿಸಿಲು ತಗುಲಿದ ಲ್ಯಾಟೆಕ್ಸ್ ಗಡುಸಾಗಿ ಪುಡಿಯುದುರುತ್ತದೆ. ಹತ್ತಿಯಾದರೆ ಮತ್ತೆ ಎಕ್ಕಿಸಬಹುದಿತ್ತು, ಇದಕ್ಕೆ ಆ ಅನುಕೂಲ ಇಲ್ಲ. ಕರಾವಳಿಯ ಮಳೆಗಾಲಕ್ಕೆ ಹಲಗೆಗಳ ನಡುವೆ ಸಂದಿ ಇರುವ ಮಂಚವೇ ಬೇಕು, ಇಲ್ಲವಾದರೆ ಅಡಿಯಲ್ಲಿ ಬೂಷ್ಟು.

ಬಿಲ್ಲಿನಲ್ಲಿ ಬರೀ ‘ಮ್ಯಾಟ್ರೆಸ್ – 1’ ಎಂದು ಬರೆಸಿಕೊಂಡು ಬರಬೇಡಿ. ಪೂರ್ತಿ ಆರು ಇಂಚು ನೈಸರ್ಗಿಕ ಲ್ಯಾಟೆಕ್ಸ್, ಇಷ್ಟು ಕೆ.ಜಿ. ಎಂದು ಬರೆಸಿ. ಆನ್‌ಲೈನಾದರೆ ಕೊಂಡ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ, 2019ರ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.