ಆಟೋ ಬಾಡಿಗೆ ಮತ್ತು ಸರಳ ರೇಖೆ

ಕನ್ನಡ ಮಾಧ್ಯಮದಲ್ಲಿ ಓದಿ ಪುಣೆಗೆ ಬಂದು ಕಾಮರ್ಸ್ ಸೇರಿದವರಿಗೆ ‘ಲೀನಿಯರ್ ಇಕ್ವೇಶನ್’ ಅಂದ ಕೂಡಲೇ ಎದೆ ಡವಡವ ಅನ್ನುತ್ತದೆ. ಗಾಬರಿ ಬೇಡ. ಅದು ಹೈಸ್ಕೂಲಿನಲ್ಲಿ ಕಲಿತ ರೇಖಾತ್ಮಕ ಸಮೀಕರಣವೇ. ಗ್ರಾಫ್ ಅಂದರೆ ನಮ್ಮ ನಕ್ಷೆ, ಮರಾಠಿ ಗೆಳೆಯರ ಆಲೇಖ. ಹೆಸರು ಮೂರು, ಹಾಳೆ ಒಂದೇ. ಆ ಹಾಳೆಯ ಮೇಲೆ ನಮ್ಮವರಲ್ಲಿ ಆಗಾಗ ಏಳುವ ಒಂದು ವಾದವನ್ನು ಇತ್ಯರ್ಥ ಮಾಡೋಣ: ಆಟೋ ಎಲ್ಲಿ ಅಗ್ಗ, ಪುಣೆಯಲ್ಲೋ ಬೆಂಗಳೂರಲ್ಲೋ?

ಪುಣೆಯಲ್ಲಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ದರ: ಮೊದಲ 1.5 ಕಿ.ಮೀ.ಗೆ 25 ರೂ., ಆಮೇಲೆ ಕಿ.ಮೀ.ಗೆ 17 ರೂ. ದೂರ ಕ್ಷ, ಬಾಡಿಗೆ ಯ ಎಂದಿಟ್ಟುಕೊಂಡರೆ, 1.5 ಕಿ.ಮೀ. ದಾಟಿದ ಮೇಲೆ

ಯ = 25 + 17(ಕ್ಷ − 1.5)
ಅಂದರೆ, ಯ = 17ಕ್ಷ − 0.5

ಈಗ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 1 ಕಿ.ಮೀ., ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 10 ರೂ. ಕ್ಷ 2 ಆದರೆ ಯ 33.5, ಕ್ಷ 3 ಆದರೆ 50.5, ಕ್ಷ 5 ಆದರೆ 84.5. ಮೂರು ಚುಕ್ಕೆ ಇಟ್ಟು ಸ್ಕೇಲಿನಿಂದ ಕೂಡಿಸಿ. ರೇಖೆ ಎಳೆಯಲು ಎರಡೇ ಚುಕ್ಕೆ ಸಾಕು. ಮೂರನೆಯದು ಲೆಕ್ಕ ಸರಿಯಿದೆಯೇ ಎಂದು ನೋಡಲಿಕ್ಕೆ. ಒಂದು ಕಿ.ಮೀ. ಮುಂದೆ ಹೋದರೆ ರೇಖೆ 17 ರೂ. ಮೇಲೇರುತ್ತದಲ್ಲ, ಅದೇ ಅದರ ಇಳಿಜಾರು, ಕ್ಲಾಸಿನಲ್ಲಿ ಹೇಳುವ ‘ಸ್ಲೋಪ್’.

ರೇಖೆಯನ್ನು ಹಿಂದಕ್ಕೆ ಲಂಬ ಅಕ್ಷದವರೆಗೂ ಎಳೆದರೆ ಅದು −0.5ಕ್ಕೆ ಮುಟ್ಟುತ್ತದೆ. ಆಟೋದಲ್ಲಿ ಸುಮ್ಮನೆ ಕೂತರೆ ಚಾಲಕನೇ ನಮಗೆ 50 ಪೈಸೆ ಕೊಡಬೇಕು ಅಂದ ಹಾಗಾಯಿತು! ಅದಕ್ಕೇ ಸಮೀಕರಣ ಎಲ್ಲಿಂದ ಅನ್ವಯಿಸುತ್ತದೆ ಅಂತ ಮೊದಲು ನೋಡಬೇಕು. 1.5ರವರೆಗೆ 25ರ ಎತ್ತರದಲ್ಲಿ ಅಡ್ಡಗೆರೆ, ಅಲ್ಲಿಂದ ಓರೆಗೆರೆ.

ಅದೇ ಹಾಳೆಯ ಮೇಲೆ ಬೆಂಗಳೂರನ್ನು ಎಳೆಯಿರಿ. 2021ರ ಡಿಸೆಂಬರ್ 1ರ ದರ: ಮೊದಲ 2 ಕಿ.ಮೀ.ಗೆ 30 ರೂ., ಆಮೇಲೆ ಕಿ.ಮೀ.ಗೆ 15 ರೂ. 2 ಕಿ.ಮೀ. ದಾಟಿದ ಮೇಲೆ ಯ = 15ಕ್ಷ. ಪುಣೆಯ ರೇಖೆ ಬೆಂಗಳೂರಿನ 30ರ ಅಡ್ಡಗೆರೆಯನ್ನು ಸುಮಾರು 1.8 ಕಿ.ಮೀ. ಹತ್ತಿರ ದಾಟುತ್ತದೆ (17ಕ್ಷ − 0.5 = 30 ಬಿಡಿಸಿ ನೋಡಿ). ಅದಕ್ಕಿಂತ ಕಡಿಮೆ ದೂರಕ್ಕೆ ಪುಣೆ ಅಗ್ಗ, ಹೆಚ್ಚಿನ ದೂರಕ್ಕೆ ಬೆಂಗಳೂರು ಅಗ್ಗ. ವಾದ ಮಾಡುತ್ತಿದ್ದ ಇಬ್ಬರೂ ಗೆದ್ದಂತೆ!

ಇನ್ನೊಂದು ಗೆರೆ ಬಾಕಿ ಇದೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18 ರೂ. ಆಯಿತು, ಅಂದರೆ 2 ಕಿ.ಮೀ. ದಾಟಿದ ಮೇಲೆ ಯ = 18ಕ್ಷ. ಈ ಗೆರೆಯನ್ನು ಪುಣೆಯ 2022ರ ಗೆರೆ ಎಲ್ಲಿಯೂ ಮುಟ್ಟುವುದಿಲ್ಲ, ಕೆಳಗೇ ಉಳಿಯುತ್ತದೆ. 5 ಕಿ.ಮೀ.ಗೆ ಪುಣೆಯಲ್ಲಿ 84.5 ರೂ.; ಬೆಂಗಳೂರಿನಲ್ಲಿ ಮೊದಲು 75 ಇದ್ದದ್ದು 90 ಆಯಿತು. ಆದ್ದರಿಂದ ವಾದಕ್ಕೆ ಇಳಿಯುವ ಮೊದಲು ಎಷ್ಟು ದೂರ, ಯಾವ ಇಸವಿಯ ದರ ಅಂತ ಕೇಳಿಕೊಳ್ಳಿ.

ಗೆರೆಗಳು ಕೂಡುವ ಈ ಬಿಂದುವೇ ನಮ್ಮ ಕಾಸ್ಟಿಂಗ್ ಪುಸ್ತಕದ ‘ಬ್ರೇಕ್ ಈವನ್ ಪಾಯಿಂಟ್’. ಅಭ್ಯಾಸಕ್ಕೆ ಒಂದು ಲೆಕ್ಕ: ಸ್ಟಾಲ್ ಬಾಡಿಗೆ 600 ರೂ., ಒಂದು ಪ್ಲೇಟ್ ಗಿರಮಿಟ್ಟಿಗೆ ಖರ್ಚು 15 ರೂ., ಮಾರುವುದು 25ಕ್ಕೆ. ಎಷ್ಟು ಪ್ಲೇಟ್ ಮಾರಿದರೆ ಹಾಕಿದ ದುಡ್ಡು ವಾಪಸು ಬರುತ್ತದೆ? ಖರ್ಚಿನ ಗೆರೆ, ಮಾರಾಟದ ಗೆರೆ ಎರಡನ್ನೂ ಎಳೆಯಿರಿ. 60ರ ಮೇಲೆ ಕೂಡಿದರೆ ನಿಮ್ಮ ನಕ್ಷೆ ಸರಿ.